ಎನ್‌ಎಫ್‌ಎಲ್ ಜಾಸ್ತಿ ಬಂದಿದೆ, ಈಗೇನು?

ಅಪ್ಪನ ಎಂಆರ್‌ಐ ನೋಡಿದ ಡಾಕ್ಟರ್ "ಮೆದುಳಿನ ಸಣ್ಣ ರಕ್ತನಾಳಗಳು ಹಾಳಾಗಿವೆ" ಅಂದಾಗ ನನಗೆ ನಂಬಿಕೆ ಬರಲಿಲ್ಲ. ಅಪ್ಪನಿಗೆ ಸ್ಟ್ರೋಕ್ ಆಗಿರಲಿಲ್ಲ, ಹಳೆಯದೆಲ್ಲ ಚೆನ್ನಾಗಿ ನೆನಪಿತ್ತು. ಆದರೆ ಒಂದು ಫಾರಂ ತುಂಬಲು ಅರ್ಧ ದಿನ ಬೇಕಾಗುತ್ತಿತ್ತು, ಎರಡು ಕೆಲಸ ಒಟ್ಟಿಗೆ ಹೇಳಿದರೆ ಎರಡೂ ನಿಂತೇ ಹೋಗುತ್ತಿದ್ದವು. ಆಮೇಲೆ ಗೊತ್ತಾಯಿತು, ಈ ಕಾಯಿಲೆಯಲ್ಲಿ ಎಷ್ಟೋ ಸಲ ಮೊದಲು ಕೈಕೊಡುವುದು ನೆನಪಲ್ಲ, ಯೋಚನೆಯ ವೇಗ.

ಆಗಲೇ ಎನ್‌ಎಫ್‌ಎಲ್ ಅನ್ನೋ ರಕ್ತಪರೀಕ್ಷೆಯನ್ನೂ ಮಾಡಿಸಿದೆವು. ನ್ಯೂರೋಫಿಲಮೆಂಟ್ ಲೈಟ್ ಅಂದರೆ ನರತಂತುವಿಗೆ ಒಳಗಿನಿಂದ ಆಧಾರ ಕೊಡುವ ಒಂದು ಪ್ರೋಟೀನ್. ತಂತು ಹಾಳಾದರೆ ಇದು ಹೊರಗೆ ಸೋರಿ ಬೆನ್ನುಹುರಿಯ ದ್ರವಕ್ಕೆ ಸೇರುತ್ತದೆ, ಅಲ್ಲಿಂದ ಚೂರೇ ಚೂರು ರಕ್ತಕ್ಕೂ ಬರುತ್ತದೆ. ಅಳೆಯುವುದು ಪಿಕೊಗ್ರಾಂನಲ್ಲಿ, ಅಂದರೆ ಒಂದು ಗ್ರಾಂನ ಲಕ್ಷ ಕೋಟಿಯಲ್ಲಿ ಒಂದು ಪಾಲು! ಮೊದಲೆಲ್ಲ ಇದಕ್ಕೆ ಬೆನ್ನಿಗೆ ಸೂಜಿ ಚುಚ್ಚಬೇಕಿತ್ತು, ಇಷ್ಟು ಚೂರನ್ನೂ ಅಳೆಯಬಲ್ಲ ಸಿಮೋವಾ ಥರದ ತಂತ್ರಜ್ಞಾನ ಬಂದ ಮೇಲೆ ಕೈಯಿಂದ ತೆಗೆದ ರಕ್ತವೇ ಸಾಕಾಯಿತು.

ರಿಪೋರ್ಟ್‌ನಲ್ಲಿ ಅಂಕಿ ಜಾಸ್ತಿ ಇತ್ತು. ನಾನು ಹೆದರಿದ್ದು ಸುಮ್ನೆ ಅಲ್ಲ, ಆದರೆ ಅವಸರಪಟ್ಟು ಹೆದರಿದ್ದೆ. ಅಂಗಳದಲ್ಲಿ ಹೆಂಚಿನ ಚೂರು ಬಿದ್ದಿದ್ದರೆ ಹೆಂಚು ಒಡೆದಿದೆ ಅಂತ ಗೊತ್ತಾಗುತ್ತದೆ, ಒಡೆದದ್ದು ಗಾಳಿಯೋ ಕೋತಿಯೋ ಗೊತ್ತಾಗುವುದಿಲ್ಲ. ಎನ್‌ಎಫ್‌ಎಲ್ ಕೂಡ ಹಾಗೇ. ತಲೆಗೆ ಪೆಟ್ಟಾದರೂ ಏರುತ್ತದೆ, ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನೋ ನರಗಳ ಕಾಯಿಲೆ) ಇದ್ದರೂ ಏರುತ್ತದೆ, ವಯಸ್ಸಾದಂತೆ ತಾನಾಗಿಯೇ ಏರುತ್ತದೆ, ಸ್ಟ್ರೋಕ್ ಆದರೆ ಏರಿದ್ದು ಇಳಿಯಲು ತಿಂಗಳುಗಳೇ ಬೇಕು. ಕಿಡ್ನಿ ಸರಿಯಿಲ್ಲದಿದ್ದರೂ ಜಾಸ್ತಿ ತೋರಿಸುತ್ತದೆ, ಮೈತೂಕ ಹೆಚ್ಚಿದ್ದರೆ ಕಡಿಮೆ ತೋರಿಸುತ್ತದೆ. ಒಂದೇ ಒಂದು ಅಂಕಿ ಹಿಡಿದುಕೊಂಡು ಏನು ಮಾಡುವುದು, ಅಲ್ವಾ?

ಅದಕ್ಕೇ ಬೇರೆ ಗುರುತುಗಳನ್ನೂ ಜೊತೆಗಿಟ್ಟು ನೋಡುತ್ತಾರೆ. ಪಿ-ಟೌ217 ಅನ್ನೋ ಪ್ರೋಟೀನ್ ಆಲ್ಝೈಮರ್ ಕಡೆಗೆ ಬೊಟ್ಟು ಮಾಡುತ್ತದೆ. 2025ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟ ಈ ಥರದ ಮೊದಲ ರಕ್ತಪರೀಕ್ಷೆ ಇದನ್ನೂ, ಆಲ್ಝೈಮರ್‌ನಲ್ಲಿ ಮೆದುಳಿನಲ್ಲಿ ಗಡ್ಡೆಕಟ್ಟುವ ಅಮಿಲಾಯ್ಡ್ ಅನ್ನೋ ಪ್ರೋಟೀನನ್ನೂ ಸೇರಿಸಿ ಲೆಕ್ಕ ಹಾಕುತ್ತದೆ, ಆದರೆ ಅದು ಆಲ್ಝೈಮರ್‌ಗೆ ಮಾತ್ರ, ರಕ್ತನಾಳದ ಕಾಯಿಲೆಗಲ್ಲ. ಹಾಗಂತ ನಮ್ಮಂಥವರಿಗೆ ಉಪಯೋಗ ಇಲ್ಲ ಅನ್ನಬೇಡಿ, ವಯಸ್ಸಾದವರಲ್ಲಿ ಎರಡೂ ಒಟ್ಟಿಗೆ ಇರುವುದು ತೀರಾ ಸಾಮಾನ್ಯ. ರಕ್ತನಾಳದ ಕಡೆಯಿಂದಲೇ ಸುಳಿವು ಕೊಡಬಹುದು ಅಂತ ಸಂಶೋಧಕರು ಪಿಎಲ್‌ಜಿಎಫ್ ಅನ್ನೋ ಇನ್ನೊಂದು ಪ್ರೋಟೀನಿನ ಬೆನ್ನುಬಿದ್ದಿದ್ದಾರೆ. ಎಂಆರ್‌ಐಯಲ್ಲಿ ಕಾಣುವ ಬಿಳಿ ಮಚ್ಚೆಗಳಿಗೂ ಅದಕ್ಕೂ ನಂಟಿದೆ.

ಡಾಕ್ಟರ್ ಮಾತ್ರ ಇದ್ಯಾವುದಕ್ಕೂ ನನ್ನಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ಕೇಳಿದ್ದು ಬಿಪಿ ಎಷ್ಟಿದೆ ಅಂತ. ಸ್ಪ್ರಿಂಟ್ ಮೈಂಡ್ ಅಧ್ಯಯನದಲ್ಲಿ (2019) ಮೇಲಿನ ಬಿಪಿಯನ್ನು 140ರ ಬದಲು 120ಕ್ಕಿಂತ ಕೆಳಗಿಡಲು ನೋಡಿದವರಲ್ಲಿ, ಡಿಮೆನ್ಷಿಯಾಗೆ (ದಿನದ ಕೆಲಸಕ್ಕೂ ಅಡ್ಡಿಯಾಗುವಷ್ಟು ಬುದ್ಧಿಶಕ್ತಿ ಕುಂದುವುದಕ್ಕೆ) ಮುಂಚಿನ, ನೆನಪು ಮತ್ತು ಯೋಚನೆಯ ಸಣ್ಣ ಮಟ್ಟದ ಕುಸಿತ ಕಡಿಮೆಯಾಗಿತ್ತು. ಡಿಮೆನ್ಷಿಯಾ ವಿಷಯದಲ್ಲಿ ಅಷ್ಟು ಖಚಿತವಾದ ವ್ಯತ್ಯಾಸ ಸಿಗಲಿಲ್ಲ.

ಕಿಡ್ನಿ ಹೇಗಿದೆ ಅಂತ ತಿಳಿಸುವ ಅಪ್ಪನ ಕ್ರಿಯಾಟಿನಿನ್ ಕೂಡ ಜಾಸ್ತಿ ಇದೆಯಂತೆ, ಅಂದರೆ ಆ ಎನ್‌ಎಫ್‌ಎಲ್ ಅಂಕಿಯಲ್ಲಿ ಕಿಡ್ನಿಯ ಪಾಲೆಷ್ಟು, ಮೆದುಳಿನ ಪಾಲೆಷ್ಟು ಅಂತ ಬಿಡಿಸಿ ಹೇಳಲು ಬರುವುದಿಲ್ಲ. ಆರು ತಿಂಗಳು ಬಿಟ್ಟು ಅದೇ ಲ್ಯಾಬ್‌ನಲ್ಲಿ ಇನ್ನೊಂದು ಸಲ ಮಾಡಿಸುತ್ತೇವೆ. ಅಲ್ಲಿಯವರೆಗೆ ಬಿಪಿ ಬರೆದಿಡಲು ಒಂದು ನೋಟ್‌ಬುಕ್ ತಂದಿದ್ದೇನೆ. ಅಪ್ಪನೇ ಬರೆಯುತ್ತಾರೆ, ನಿಧಾನವಾಗಿ, ನಾನು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತಿರುತ್ತೇನೆ.