ಒಂದೇ ಕಣದಲ್ಲಿ ಎರಡು ಲೋಹ

ಸುರತ್ಕಲ್‌ನ ನಮ್ಮ ಪ್ರಯೋಗಾಲಯದಲ್ಲಿ ಈ ಮಳೆಗಾಲವಿಡೀ ಸಿಲಿಕಾದ (ಸಣ್ಣ ರಂಧ್ರಗಳಿರುವ ಸಿಲಿಕಾನ್ ಡೈಆಕ್ಸೈಡ್ ಪುಡಿ) ಮೇಲೆ ಪಲ್ಲಾಡಿಯಂ ಮತ್ತು ತಾಮ್ರವನ್ನು ಒಟ್ಟಿಗೆ ಕೂರಿಸುವ ಕೆಲಸ ನಡೆದಿದೆ. ನೀರಿನಲ್ಲಿರುವ ನೈಟ್ರೇಟನ್ನು ಹೈಡ್ರೋಜನ್ ಬಳಸಿ ನೈಟ್ರೋಜನ್ ಅನಿಲವಾಗಿಸಲು ಈ ಜೋಡಿ ಬೇಕು. ನೈಟ್ರೇಟನ್ನು ನೈಟ್ರೈಟಿಗೆ ಇಳಿಸುವುದು ತಾಮ್ರ. ಅದನ್ನು ಅಲ್ಲಿಂದ ಮುಂದೊಯ್ಯುವುದೂ, ಈ ನಡುವೆ ಉತ್ಕರ್ಷಣಗೊಂಡ ತಾಮ್ರವನ್ನು ಮತ್ತೆ ಲೋಹವಾಗಿಸುವುದೂ ಪಲ್ಲಾಡಿಯಂನ ಪಾಲು. ಹಾಗಾಗಿ ಇವೆರಡೂ ಒಂದೇ ಪುಡಿಯಲ್ಲಿದ್ದರೆ ಸಾಲದು, ಒಂದೇ ಕಣದಲ್ಲಿ ತಾಗಿಕೊಂಡಿರಬೇಕು.

ರೂಢಿಯ ವಿಧಾನ ಸುಲಭ: ಆಧಾರ ವಸ್ತುವಿನ, ಅಂದರೆ ಇಲ್ಲಿ ಸಿಲಿಕಾದ, ರಂಧ್ರಗಳು ತುಂಬುವಷ್ಟೇ ಲವಣದ ದ್ರಾವಣವನ್ನು ಹಾಕಿ, ಒಣಗಿಸಿ, ಕಾಯಿಸುವುದು. ಆದರೆ ಅಲ್ಲಿ ಲೋಹದ ಅಯಾನುಗಳಿಗೆ ಮೇಲ್ಮೈಯ ಹಿಡಿತವಿಲ್ಲದಿದ್ದರೆ, ಆವಿಯಾಗುವ ನೀರಿನ ಹಿಂದೆಯೇ ಸರಿದು, ಬೇರೆ ಬೇರೆ ಕಡೆ ಗುಡ್ಡೆಯಾಗುತ್ತವೆ. ಕ್ಲೋರೈಡ್ ಲವಣ ಬಳಸಿದ್ದರೆ ಉಳಿದ ಕ್ಲೋರೈಡ್ ಕಣಗಳನ್ನು ಇನ್ನಷ್ಟು ದಪ್ಪಗಾಗಿಸುತ್ತದೆ.

ನಾವು ನೆಚ್ಚಿಕೊಂಡಿರುವುದು ವಿದ್ಯುದಾವೇಶದ ಸೆಳೆತವನ್ನು. ಪಿಎಚ್ ಸುಮಾರು 4ಕ್ಕಿಂತ ಮೇಲೇರಿದಂತೆ ಸಿಲಿಕಾದ ಮೇಲ್ಮೈ ಪ್ರೋಟಾನುಗಳನ್ನು ಬಿಟ್ಟುಕೊಟ್ಟು ಋಣಾವೇಶ ಪಡೆಯುತ್ತದೆ. ಅಮೋನಿಯಾ ಸೇರಿಸಿ 11ರ ಸುಮಾರಿಗೆ ತಂದರೆ ಎರಡೂ ಲೋಹಗಳು ಧನಾವೇಶದ ಅಮೀನ್ ಸಂಕೀರ್ಣಗಳಾಗಿ (ಅಮೋನಿಯಾ ಸುತ್ತುವರಿದ ಲೋಹದ ಅಯಾನುಗಳಾಗಿ) ಒಟ್ಟಿಗೇ ಬಂದು ಅಂಟಿಕೊಳ್ಳುತ್ತವೆ. 12 ದಾಟಿದರೆ ಸಿಲಿಕಾವೇ ಕರಗತೊಡಗುತ್ತದೆ. 2017ರಲ್ಲಿ ಅಮೆರಿಕದ ಸಂಶೋಧಕರು ಈ ದಾರಿಯಲ್ಲೇ ಸಿಲಿಕಾದ ಮೇಲೆ ಒಂದು ನ್ಯಾನೋಮೀಟರಿನ ಆಸುಪಾಸಿನ ಮಿಶ್ರಲೋಹ ಕಣಗಳನ್ನು ತಯಾರಿಸಿ ತೋರಿಸಿದರು. ಬೀಕರಿನಲ್ಲಿ ಕಡುನೀಲಿ ದ್ರಾವಣ ಕಲಕುತ್ತ ಹೋದಂತೆ ತಿಳಿಯಾಗಿ, ಶೋಧಕ ಕಾಗದದ ಮೇಲೆ ನೀಲಿಬಣ್ಣದ ಪುಡಿ ಉಳಿಯುವುದನ್ನು ನೋಡುವುದೇ ಒಂದು ಖುಷಿ. ಆದರೆ ಆ ಬಣ್ಣ ತಾಮ್ರದ್ದು ಮಾತ್ರ. ಪಲ್ಲಾಡಿಯಂ ಎಷ್ಟು ಕೂತಿದೆ ಎಂಬುದನ್ನು ತಿಳಿಯಲು ಶೋಧಿಸಿದ ದ್ರವದಲ್ಲಿ ಉಳಿದ ಎರಡೂ ಲೋಹಗಳನ್ನು ಅಳೆಯಲೇಬೇಕು. (ಇಲ್ಲಿಯ ಜೂನ್-ಜುಲೈ ಗಾಳಿಯಲ್ಲಿ ಸಿಲಿಕಾ ತೂಗುತ್ತಿರುವಾಗಲೇ ತೇವ ಹೀರುತ್ತದೆ, ಒಲೆಯಿಂದ ತೆಗೆದದ್ದು ನೇರ ಡೆಸಿಕೇಟರಿಗೆ, ಅಂದರೆ ತೇವ ತಾಗದ ಮುಚ್ಚಿದ ಪಾತ್ರೆಗೆ, ಹೋಗಬೇಕು.)

ಒಣಗಿದ ಮೇಲೆ ಗಾಳಿಯಲ್ಲಿ ಸುಡುವ ಹಂತವನ್ನು ಬಿಟ್ಟು ನೇರವಾಗಿ ಹೈಡ್ರೋಜನ್ ಹರಿಸುವುದೇ ಮೇಲೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಸುಟ್ಟಾಗ ಎರಡು ಆಕ್ಸೈಡುಗಳು ತಮ್ಮ ಪಾಡಿಗೆ ಬೇರ್ಪಡುವ ಅಪಾಯವಿದೆ. ಒಂಟಿ ತಾಮ್ರದ ಆಕ್ಸೈಡ್ ಸಾಮಾನ್ಯವಾಗಿ 200 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅಪಕರ್ಷಣಗೊಂಡರೆ, ಪಕ್ಕದಲ್ಲಿ ಪಲ್ಲಾಡಿಯಂ ಇದ್ದಾಗ ಅದು ಸೀಳಿದ ಹೈಡ್ರೋಜನ್ ದೊರೆತು ತಾಪಮಾನ ಕೆಳಗಿಳಿಯುತ್ತದೆ. ಕಾವು ಏರಿಸುತ್ತ ಹೈಡ್ರೋಜನ್ ಬಳಕೆಯನ್ನು ಅಳೆದಾಗ ಕಾಣುವ ಆ ಶೃಂಗ ಕದಲದಿದ್ದರೆ ಬೆರಕೆ ಆಗಿಲ್ಲವೆಂದೇ ನಾನು ಭಾವಿಸುತ್ತೇನೆ. ಕ್ಷ-ಕಿರಣ ವಿವರ್ತನೆಯಲ್ಲಿ ಪಲ್ಲಾಡಿಯಂನ 40.1 ಮತ್ತು ತಾಮ್ರದ 43.3 ಡಿಗ್ರಿ ಕೋನಗಳ ನಡುವೆ ಮಿಶ್ರಲೋಹದ ಶೃಂಗ ಕಾಣಬೇಕೇನೋ ನಿಜ, ಆದರೆ ಇಷ್ಟು ಸಣ್ಣ ಕಣಗಳಲ್ಲಿ ಅದು ಹರಡಿಹೋಗುವುದರಿಂದ ಸೂಕ್ಷ್ಮದರ್ಶಕದ ಕೆಳಗೆ ಕಣಕಣದ ಧಾತುವಿಶ್ಲೇಷಣೆಯಾಗುವವರೆಗೆ ನಾನು ಮಿಶ್ರಲೋಹ ಎಂದು ಬರೆಯುವುದಿಲ್ಲ.