ಟೋಚನ್ ಆದ ಹಳೇ ಮಾರುತಿ ವ್ಯಾನ್: ಸ್ಟಾರ್ಟ್ ಮಾಡೋ ಮೊದಲು ಎಣ್ಣೆ ಇಳಿಸಿ ನೋಡಿ

"ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಇಳಿಸಿಬಿಡಿ, ಎಷ್ಟು ದೂರ ಬೇಕಾದ್ರೂ ಎಳೀಬಹುದು." ಪುಣೆಯಲ್ಲಿ ಗಾಡಿ ಕೆಟ್ಟು ನಿಂತು, ಟೋಚನ್ ಮಾಡಬೇಕಾದಾಗಲೆಲ್ಲ, ಅಂದರೆ ಬೇರೆ ಗಾಡಿಯಿಂದ ಎಳೆಸಬೇಕಾದಾಗಲೆಲ್ಲ, ಕೇಳಿಬರುವ ಮಾತು ಇದು. ಮುಂದಿನ ಚಕ್ರ ಎಳೆಯುವ ಇಂದಿನ ಸಣ್ಣ ಕಾರುಗಳ ಮೂತಿ ಎತ್ತಿಕೊಂಡು ಹೋದರೆ ಏನೂ ಆಗದು. 1984ರಲ್ಲಿ ಬಂದು, 1988ರಿಂದ ಓಮ್ನಿ ಅನ್ನಿಸಿಕೊಂಡ ಮಾರುತಿ ವ್ಯಾನಿನ ಲೆಕ್ಕ ಬೇರೆ. 796 ಸಿಸಿ ಎಂಜಿನ್ ಮುಂದಿನ ಸೀಟಿನ ಕೆಳಗೆ, ಅದರ ಬೆನ್ನಿಗೆ ಗೇರ್‌ಬಾಕ್ಸ್, ಅಲ್ಲಿಂದ ಶಕ್ತಿಯನ್ನು ಹಿಂದಕ್ಕೆ ಒಯ್ಯುವ ಉದ್ದ ಕೊಳವೆ ಪ್ರೊಪೆಲ್ಲರ್ ಶಾಫ್ಟ್, ಕೊನೆಗೆ ಹಿಂದಿನ ಆಕ್ಸಲ್. ಮೂತಿ ಎತ್ತಿ ಎಳೆದರೆ ನೆಲಕ್ಕೆ ತಾಗಿರುವ ಹಿಂದಿನ ಚಕ್ರಗಳು ಈ ಸರಪಳಿಯನ್ನೆಲ್ಲ ಹಿಂದಿನಿಂದ ತಿರುಗಿಸುತ್ತವೆ.

ನ್ಯೂಟ್ರಲ್ ಯಾಕೆ ಕಾಯುವುದಿಲ್ಲ? ಈ ಗೇರ್‌ಬಾಕ್ಸಿನಲ್ಲಿ ಎಣ್ಣೆ ಪಂಪಿಲ್ಲ. ತಳದ ಎಣ್ಣೆಯಲ್ಲಿ ಮುಳುಗಿರುವ ಲೇ ಶಾಫ್ಟಿನ (ಬಾಕ್ಸಿನ ಕೆಳಗಿನ ಶಾಫ್ಟ್) ಗೇರುಗಳು ತಿರುಗುತ್ತಾ ಎಣ್ಣೆಯನ್ನು ಮೇಲಕ್ಕೆ ಎರಚಬೇಕು. ಲೇ ಶಾಫ್ಟ್ ತಿರುಗುವುದು ಎಂಜಿನ್ ಕಡೆಯಿಂದ. ಎಂಜಿನ್ ಬಂದ್ ಆಗಿ ನ್ಯೂಟ್ರಲ್‌ನಲ್ಲಿದ್ದಾಗ ಅದು ಸುಮ್ಮನೆ ನಿಂತಿರುತ್ತದೆ, ಮೇಲಿನ ಮೇನ್ ಶಾಫ್ಟ್ ಮಾತ್ರ ಚಕ್ರದ ಜೊತೆ ಓಡುತ್ತದೆ. ನಿಂತ ಗೇರುಗಳೊಳಗೆ ಓಡುವ ಶಾಫ್ಟ್, ಮೇಲಿಂದ ಎಣ್ಣೆಯಿಲ್ಲ. ಮೊದಲು ಸಾಯುವುದು ಶಾಫ್ಟಿನ ಮೂಗನ್ನು ಹಿಡಿದಿರುವ ಪೈಲಟ್ ಬೇರಿಂಗ್, ಆಮೇಲೆ ಗೇರುಗಳ ಒಳಮೈ, ಗೇರ್ ಬದಲಿಸುವಾಗ ವೇಗ ಹೊಂದಿಸುವ ಸಿಂಕ್ರೊ ರಿಂಗ್. ಇನ್ನು ಗೇರಿನಲ್ಲೇ ಬಿಟ್ಟು ಎಳೆದರಂತೂ ಎಂಜಿನ್ನೇ ತಿರುಗುತ್ತದೆ. ಫಸ್ಟ್ ಗೇರಾದರೆ ಕ್ಲಚ್ ಪ್ಲೇಟ್ ಸಿಡಿಯುವಷ್ಟು ವೇಗ ಬರಬಹುದು, ರಿವರ್ಸ್ ಆದರೆ ಎಂಜಿನ್ ಉಲ್ಟಾ ತಿರುಗಿ ಟೈಮಿಂಗ್ ಬೆಲ್ಟ್ ಹಲ್ಲು ದಾಟಬಹುದು. ರಿವರ್ಸಿನಲ್ಲಿತ್ತು ಅಂತ ಗೊತ್ತಾದರೆ ಬೆಲ್ಟ್ ಗುರುತು ನೋಡದೆ ಸೆಲ್ಫ್ ಹೊಡೆಯಲೇಬೇಡಿ.

ಗಾಡಿ ಗ್ಯಾರೇಜಿಗೆ ಬಂದ ಕೂಡಲೇ ಸ್ಟಾರ್ಟ್ ಮಾಡಿ ಸದ್ದು ಕೇಳುವ ಚಪಲ ಎಲ್ಲರಿಗೂ ಇರುತ್ತದೆ. ತಡೆದುಕೊಳ್ಳಿ. ಗೇರ್‌ಬಾಕ್ಸ್ ಎಣ್ಣೆಯನ್ನು ಸ್ವಚ್ಛ ತಟ್ಟೆಗೆ ಇಳಿಸಿ, ಬಿಸಿಲಿಗೆ ಹಿಡಿದು, ಆಯಸ್ಕಾಂತ ಆಡಿಸಿ. ಆಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆ ಕೆಸರು ಅಂಟಿದರೆ ಗಾಬರಿ ಬೇಡ, ವರ್ಷಗಳ ಸವೆತ ಅದು. ಆಯಸ್ಕಾಂತಕ್ಕೆ ಅಂಟದ ಹಳದಿ ಮಿನುಗು ಕಂಡರೆ ಸಿಂಕ್ರೊ ರಿಂಗಿನ ಹಿತ್ತಾಳೆ ಉದುರಿದೆ. ಉಗುರಿಗೆ ಸಿಕ್ಕುವಂಥ ಉಕ್ಕಿನ ಚೂರು ಇದ್ದರೆ ಬಾಕ್ಸ್ ಬಿಚ್ಚಲೇಬೇಕು. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಮುಂಬೈ ಮಳೆಗಾಲದಲ್ಲಿ ಮುಳುಗಿ, ಆಮೇಲೆ ಟೋಚನ್ ಆದ ವ್ಯಾನುಗಳಲ್ಲಿ ಇದನ್ನು ಮೊದಲೇ ನಿರೀಕ್ಷಿಸಿ. ಹಿಂದಿನ ಆಕ್ಸಲಿನ ಬ್ರೀದರ್ (ಗಾಳಿಯಾಡುವ ಸಣ್ಣ ತೂತು) ಮೂಲಕವೂ ನೀರು ಒಳಸೇರಿರುತ್ತದೆ.

ಎಣ್ಣೆ ಶುದ್ಧವಾಗಿದ್ದರೆ ಹೊಸದು ತುಂಬಿ ನಿಧಾನ ಓಡಿಸಿ, ಕಿವಿಗೊಡಿ. ಫೋರ್ತ್ ಗೇರ್ ನೇರ ಗೇರ್, ಅದರಲ್ಲಿ ಇನ್‌ಪುಟ್ ಶಾಫ್ಟೂ ಮೇನ್ ಶಾಫ್ಟೂ ಒಂದಾಗಿ ತಿರುಗುವುದರಿಂದ ಪೈಲಟ್ ಬೇರಿಂಗಿಗೆ ಕೆಲಸವೇ ಇಲ್ಲ. ಒಂದು, ಎರಡು, ಮೂರರಲ್ಲಿ ಗೊರಗೊರ ಅಂದು ಫೋರ್ತಿನಲ್ಲಿ ಸದ್ದು ನಿಂತರೆ ಕೈ ಆ ಬೇರಿಂಗಿಗೇ ಹೋಗಲಿ. ಎಲ್ಲ ಗೇರಿನಲ್ಲೂ ವೇಗದ ಜೊತೆ ಏರುವ ಊಳು ಹಿಂದಿನ ಆಕ್ಸಲಿನ ನಡುವೆ ಕೂತು ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಡಿಫರೆನ್ಷಿಯಲಿನದ್ದು. ಬಾಕ್ಸ್ ಬಿಚ್ಚಿದಾಗ ಶಾಫ್ಟಿನ ಮೇಲೆ ನೀಲಿ ಅಥವಾ ಕಂದು ಸುಟ್ಟ ಗುರುತಿದ್ದರೆ ಪಾಲಿಶ್ ಹೊಡೆದು ಹಾಕುವುದು ವ್ಯರ್ಥ. ಉಕ್ಕಿನ ಹದ ಹೋಗಿದೆ, ಶಾಫ್ಟ್ ಬದಲಿಸಿ.

ಚೈನು, ಕೊಕ್ಕೆಯ ಗಾಯ ಬೇರೆ ಬಗೆಯದು. ಅವಸರದಲ್ಲಿ ಪ್ರೊಪೆಲ್ಲರ್ ಶಾಫ್ಟಿಗೇ ಚೈನು ಸುತ್ತುತ್ತಾರೆ. ಕೊಳವೆ ಒಂದಿಷ್ಟು ತಗ್ಗಿದರೂ ಸಾಕು, ವೇಗ ಗಂಟೆಗೆ ಅರವತ್ತು ಕಿಲೋಮೀಟರ್ ದಾಟಿದಾಗ ಗಾಡಿಯ ನೆಲ ನಡುಗುತ್ತದೆ. ಬಿಚ್ಚುವ ಮೊದಲು ಫ್ಲ್ಯಾಂಜ್ (ಬೋಲ್ಟು ಕೂರುವ ಬಿಲ್ಲೆ) ಮತ್ತು ಶಾಫ್ಟಿನ ಮೇಲೆ ಒಂದೇ ಗೆರೆ ಎಳೆದುಕೊಳ್ಳಿ. ಎರಡೂ ತುದಿಯ ಯೋಕ್ (ಕವಲು) ಒಂದೇ ನೇರದಲ್ಲಿರಬೇಕು, ತಪ್ಪಿದರೆ ಆ ಕವಲುಗಳನ್ನು ಜೋಡಿಸುವ ಯುಜೆ ಕ್ರಾಸ್ ಹೊಸದು ಹಾಕಿದರೂ ನಡುಕ ಹೋಗದು. ತುದಿಗಳನ್ನು ವಿ-ಬ್ಲಾಕಿನ ಮೇಲಿಟ್ಟು ನಡುವೆ ಡಯಲ್ ಗೇಜ್ ಹಿಡಿಯಿರಿ. ಮುಳ್ಳು ಅರ್ಧ ಮಿಲಿಮೀಟರಿಗಿಂತ ಹೆಚ್ಚು ಕುಣಿದರೆ ನಾವು ಆ ಶಾಫ್ಟನ್ನು ಲೇತಿನವರಿಗೆ ಕೊಟ್ಟು, ನೆಟ್ಟಗೆ ಮಾಡಿಸಿ, ಬ್ಯಾಲೆನ್ಸ್ ಮಾಡಿಸದೆ ವಾಪಸ್ ಹಾಕುವುದಿಲ್ಲ. ಆಕ್ಸಲಿಗೆ ಚೈನು ಹಾಕಿದ್ದರೆ ಅದರ ಮೇಲೆ ಹಾಯುವ ಬ್ರೇಕ್ ಪೈಪ್ ಚಪ್ಪಟೆಯಾಗಿದೆಯೇ ಅಂತಲೂ ನೋಡಿ. ಬ್ರೇಕ್ ಹೋದರೆ ಗೇರ್‌ಬಾಕ್ಸ್ ಉಳಿಸಿ ಏನು ಪ್ರಯೋಜನ?

ಡಿಫರೆನ್ಷಿಯಲಿನ ಫ್ಲ್ಯಾಂಜ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ತಿರುಗಿಸುವಾಗ ಸ್ವಲ್ಪ ಸಡಿಲ ಇರುವುದು ಸಹಜ, ಮೇಲೆ ಕೆಳಗೆ ಮಾತ್ರ ಒಂದಿಷ್ಟೂ ಆಡಬಾರದು. ಆಡಿದರೆ ಒಳಗಿನ ಪಿನಿಯನ್ (ಸಣ್ಣ ಗೇರು) ಬೇರಿಂಗ್ ಹೋಗಿದೆ. ಬರೀ ಸೀಲ್ ಸೋರುತ್ತಿದ್ದರೆ ನಟ್ ಬಿಚ್ಚುವ ಮುಂಚೆ ನಟ್, ಶಾಫ್ಟ್, ಫ್ಲ್ಯಾಂಜ್ ಮೂರಕ್ಕೂ ಪಂಚ್ ಗುರುತು ಹಾಕಿ ಅಲ್ಲಿಗೇ ತಂದು ನಿಲ್ಲಿಸಿ, ಬೇರಿಂಗಿನ ಪ್ರಿಲೋಡ್ (ಮೊದಲೇ ಕೊಟ್ಟಿರುವ ಒತ್ತಡ) ಆ ನಟ್ಟಿನ ಬಿಗಿಯ ಮೇಲೆ ನಿಂತಿದೆ. ಹಲ್ಲು ಹೋಗಿದ್ದರೆ ಕ್ರೌನ್ (ಪಿನಿಯನ್ ತಿರುಗಿಸುವ ದೊಡ್ಡ ಗೇರು) ಮತ್ತು ಪಿನಿಯನ್ ಜೋಡಿಯಾಗಿಯೇ ಬದಲಾಗಬೇಕು. ಕುರ್ಲಾದ ಸಿಎಸ್‌ಟಿ ರಸ್ತೆಯಲ್ಲಿ ಹಳೇ ಮಾಲು ಕೊಳ್ಳುವವರು ಬಿಡಿಬಿಡಿಯಾಗಿ ಆರಿಸದೆ ಒಂದೇ ಗಾಡಿಯಿಂದ ಬಂದ ಜೋಡಿ ಕೇಳಿ. ಎಣ್ಣೆಯ ದರ್ಜೆ: ಡಿಫರೆನ್ಷಿಯಲಿಗೆ ಜಿಎಲ್-5, ಗೇರ್‌ಬಾಕ್ಸಿಗೆ ಜಿಎಲ್-4. ಒಂದೇ ಡಬ್ಬಿಯ ಜಿಎಲ್-5 ಎರಡಕ್ಕೂ ಸುರಿಯುವ ರೂಢಿ ಬಿಡಬೇಕು, ಅದರ ಗಂಧಕದ ಅಂಶ ಸಿಂಕ್ರೊ ಹಿತ್ತಾಳೆಯನ್ನು ತಿನ್ನಬಲ್ಲದು. ಎರಡಕ್ಕೂ ಅಳತೆ, ಸಮತಟ್ಟು ನೆಲದಲ್ಲಿ ಫಿಲ್ಲರ್ ತೂತಿನ ಅಂಚು ಮುಟ್ಟುವವರೆಗೆ.

ಮುಂದಿನ ಸಲ ಇಡೀ ಗಾಡಿ ಮೇಲೇರಿಸಿಕೊಳ್ಳುವ ಫ್ಲ್ಯಾಟ್‌ಬೆಡ್ ಲಾರಿ ಸಿಕ್ಕರೆ ಅದೇ ಒಳ್ಳೆಯದು. ಸಿಗದಿದ್ದರೆ ಸ್ಟೇರಿಂಗ್ ನೇರ ಕಟ್ಟಿ, ಕ್ರೇನಿನವರಿಗೆ ಅವರದೇ ಮರಾಠಿಯಲ್ಲಿ ಹೇಳಿ: "ದಾದಾ, ಪುಢೂನ್ ನಕೋ, ಮಾಗೂನ್ ಉಚಲಾ." ಮುಂದಿನಿಂದ ಬೇಡ, ಹಿಂದಿನಿಂದ ಎತ್ತಿ ಅಂತ. ಪುಣೆ-ಸಾತಾರಾ ದಾರಿಯ ಖಂಬಾಟ್ಕಿ ಘಾಟಿನಂಥ ಕಡೆ ಹಗ್ಗವೇ ಗತಿಯಾದರೆ ಹಿಂದಿನ ಫ್ಲ್ಯಾಂಜಿನ ಬೋಲ್ಟು ಬಿಚ್ಚಿ ಶಾಫ್ಟನ್ನೇ ಕಳಚಿ ಗಾಡಿಯೊಳಗಿಡಿ. ಶಾಫ್ಟ್ ಹೊರಬಂದ ಬಾಯಿಯಿಂದ ಎಣ್ಣೆ ಸುರಿಯುತ್ತದೆ, ದಪ್ಪ ಪ್ಲಾಸ್ಟಿಕ್ ಚೀಲ ಮಡಚಿ ಮುಚ್ಚಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿಯಾಗಿ ಕಟ್ಟಿಬಿಡಿ.