ಮಣ್ಣಿನಡಿಯ ಎರಡು ಕಲ್ಲು

ಡ್ರಿಲ್ ಮಾಸ್ಟ್ರು ತೀರಿಕೊಂಡ ಸುದ್ದಿ ಬಂದಾಗ ನಾನು ಹಾಸನದ ಕಡೆಯ ಒಂದು ಹೊಲದ ಬದುವಿನ ಮೇಲಿದ್ದೆ. ಹದ್ದುಬಸ್ತಿನ, ಅಂದರೆ ಜಮೀನಿನ ಗಡಿ ಗುರುತಿಸುವ ಅಳತೆ ನಡೆದಿತ್ತು. ಫೋನು ಜೇಬಿಗಿಳಿಸಿದೆ, ಅರ್ಧ ಹಿಡಿದಿದ್ದ ಗೆರೆಯನ್ನು ಪೂರ್ತಿ ಮಾಡಿದೆ, ಆಮೇಲೆ ಬದುವಿನ ಮೇಲೇ ಕೂತು ಅತ್ತೆ. ಗೆರೆಯನ್ನು ಅರ್ಧಕ್ಕೆ ಬಿಟ್ಟು ಬಂದಿದ್ದರೆ ಮಾಸ್ಟ್ರಿಗೆ ಸರಿಬರುತ್ತಿರಲಿಲ್ಲ.

ನಮ್ಮ ಶಾಲೆಯಲ್ಲಿ 1986ರಿಂದ 2003ರೊಳಗೆ ಓದಿದ ಯಾರಿಗೂ ಅವರ ಹೆಸರು ಹೇಳಬೇಕಾಗಿಲ್ಲ. ನಾವಾರೂ ಹೆಸರು ಹಿಡಿದು ಕರೆದವರೂ ಅಲ್ಲ. ಡ್ರಿಲ್ ಮಾಸ್ಟ್ರು, ಅಷ್ಟೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕ್ಯಾನ್ವಾಸ್ ಶೂ, ಕೊರಳಲ್ಲಿ ಸೀಟಿ. ಆ ಸೀಟಿ ಊದಿದ್ದು ಬಹಳ ಕಡಿಮೆ. ಸುಮ್ಮನೆ ಬಂದು ನಿಂತರೆ ಸಾಕು, ಸಾಲು ತಾನಾಗಿ ನೆಟ್ಟಗಾಗುತ್ತಿತ್ತು.

1993ರಲ್ಲಿ ನಾನು ಎಂಟನೇ ಕ್ಲಾಸು. ಸ್ಪೋರ್ಟ್ಸ್ ಡೇಗೆ ಹದಿನೈದು ದಿನ ಇರುವಾಗ ಟ್ರ್ಯಾಕ್ ಹಾಕಲು ಹಗ್ಗ ಹಿಡಿಯುವವರು ಬೇಕೆಂದು ನಮ್ಮಲ್ಲಿ ಮೂವರನ್ನು ಕರೆದರು. ಮಳೆಗಾಲ ಕಳೆದ ಮೈದಾನದಲ್ಲಿ ಹುಲ್ಲು, ಕೆಂಪುಮಣ್ಣು, ಅಲ್ಲಲ್ಲಿ ಕೊರಕಲು. ಮಾಸ್ಟ್ರು ಒಂದು ಸಪೂರ ಕಬ್ಬಿಣದ ಸರಳು ಹಿಡಿದು ಮೊಣಕಾಲೂರಿ ಕೂತರು. ಸರಳನ್ನು ನೆಟ್ಟಗೆ ಕುಕ್ಕಲಿಲ್ಲ. ಓರೆಯಾಗಿ ಹಿಡಿದು, ಹಸುಗೂಸಿನ ಕೆನ್ನೆ ಮುಟ್ಟುವಷ್ಟು ಮೆತ್ತಗೆ ಮಣ್ಣೊಳಗೆ ತಳ್ಳಿದರು. ತೆಗೆದು, ನಾಲ್ಕು ಬೆರಳು ಆಚೆ ಮತ್ತೆ ತಳ್ಳಿದರು. ಹೀಗೇ ಸುಮಾರು ಹೊತ್ತು. ಕೊನೆಗೆ ‘ಟಕ್’ ಎಂದಿತು. ಕೈಯಿಂದಲೇ ಮಣ್ಣು ಸರಿಸಿದರು. ಕೆಳಗೆ ಒಂದು ಶಿಲೆಕಲ್ಲು, ತಲೆಯ ಮೇಲೆ ಉಳಿಯಿಂದ ಕೆತ್ತಿದ ಕೂಡು ಚಿಹ್ನೆ. ಅಲ್ಲಿಂದ 40 ಮೀಟರ್ ಆಚೆ ಅಂಥದೇ ಇನ್ನೊಂದು. ಶಾಲೆಗೆ ಸೇರಿದ ವರ್ಷವೇ ಅವರು ಹೂತಿಟ್ಟ ಕಲ್ಲುಗಳು ಅವು.

ನನಗೂ ಸರಳು ಕೊಟ್ಟರು. ನಾನು ಜೋರಾಗಿ ಕುಕ್ಕಿದೆ. ಮಾಸ್ಟ್ರ ಕೈ ಸರಕ್ಕನೆ ಬಂದು ನನ್ನ ಮಣಿಕಟ್ಟು ಹಿಡಿಯಿತು. ಆ ಹಿಡಿತದಲ್ಲಿ ನಡುಕವಿತ್ತು. “ಕುಕ್ಕಬಾರದು ಮಗಾ. ಕೇಳಬೇಕು.” ಮಣ್ಣನ್ನು ಯಾಕೆ ಕೇಳಬೇಕು ಎಂದು ಆಗ ಅರ್ಥವಾಗಲಿಲ್ಲ.

200 ಮೀಟರಿನ ಟ್ರ್ಯಾಕು. ಎರಡು ನೇರ ಬದಿ ಸೇರಿ 80 ಮೀಟರ್. ಉಳಿದ 120 ಆ ಎರಡು ಕಲ್ಲುಗಳನ್ನು ಕೇಂದ್ರವಾಗಿಟ್ಟ ಎರಡು ಅರ್ಧವೃತ್ತಗಳಲ್ಲಿ ಬರಬೇಕು. ಓಡುವವರ ಕಾಲು ಸುಣ್ಣದ ಗೆರೆಯ ಮೇಲೆ ಬೀಳುವುದಿಲ್ಲ, 20 ಸೆಂಟಿಮೀಟರ್ ಹೊರಗೆ ಬೀಳುತ್ತದೆ. ಹಾಗಾಗಿ 19 ಮೀಟರ್ 10 ಎಂದು ಬಂದ ತ್ರಿಜ್ಯದಲ್ಲಿ 20 ಕಳೆದು ಹಗ್ಗಕ್ಕೆ 18 ಮೀಟರ್ 90ರಲ್ಲಿ ಗಂಟು. ಪ್ರತಿ ದಾರಿ 1 ಮೀಟರ್ 22 ಅಗಲ. ಆದ್ದರಿಂದ ಒಂದು ಸುತ್ತಿನ ಓಟಕ್ಕೆ ಎರಡನೇ ದಾರಿಯ ಹುಡುಗಿ ಮೊದಲನೆಯವಳಿಗಿಂತ ಏಳೂವರೆ ಮೀಟರಿಗೂ ತುಸು ಮುಂದೆ ನಿಲ್ಲಬೇಕು. ಗಣಿತದ ಪುಸ್ತಕದಲ್ಲಿ ಉರು ಹೊಡೆದಿದ್ದ ‘ಪೈ’ ನನ್ನ ಕೈಗೆ ಸಿಕ್ಕಿದ್ದು ಆ ಹಗ್ಗದ ತುದಿಯಲ್ಲಿ. “ಮುಂದೆ ನಿಂತವಳಿಗೆ ಲಾಭ ಅಲ್ಲ, ಎಲ್ಲರಿಗೂ ದಾರಿ ಒಂದೇ ಉದ್ದ ಆಗಬೇಕಲ್ಲ” ಎಂದು ನೆಲದ ಮೇಲೇ ಬರೆದು ತೋರಿಸಿದರು. ಗೆರೆ ಒಂದು ಬೆರಳು ಸೊಟ್ಟಗಾದರೂ ಕಾಲಲ್ಲಿ ಉಜ್ಜಿ, ಮತ್ತೆ ಹಾಕಿಸುತ್ತಿದ್ದರು.

ಅವರ ತಂದೆ ಮಂಗಳೂರಿನ ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ ಆಳು. ಕ್ರೈಸ್ತ ಮಿಷನರಿಗಳಾದ ಬಾಸೆಲ್ ಮಿಷನ್ನಿನವರು 1865ರಲ್ಲಿ ಶುರುಮಾಡಿ, ಮುಂದೆ ಕಾಮನ್‌ವೆಲ್ತ್ ಟ್ರಸ್ಟ್ ಕಂಪನಿಗೆ ಹೋದ ಕಾರ್ಖಾನೆ ಅದು. ಆವೆಮಣ್ಣು ತುಳಿದು ಬೆಳೆದ ಹುಡುಗ ಇಪ್ಪತ್ತನೇ ವಯಸ್ಸಿಗೆ, 1963ರಲ್ಲಿ, ಬೆಂಗಳೂರಿನ ಹಲಸೂರಿಗೆ ಹೋಗಿ ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್ ಸೇರಿದ. ದಕ್ಷಿಣದ ನಾಲ್ಕೂ ಭಾಷೆಯವರಿದ್ದ ಆ ಪಡೆಯಲ್ಲಿ ಎಲ್ಲರೂ ಒಬ್ಬರಿಗೊಬ್ಬರು ‘ತಂಬಿ’, ಅಂದರೆ ತಮ್ಮ. ಹವಾಲ್ದಾರರಾಗಿ ನಿವೃತ್ತರಾಗಿ ಊರಿಗೆ ಬಂದ ಮೇಲೆಯೇ ನಮ್ಮ ಶಾಲೆ.

ಯುದ್ಧದ ಬಗ್ಗೆ ಶಾಲೆಯಲ್ಲಿ ಒಂದು ಮಾತೂ ಆಡಿದವರಲ್ಲ. ಆಗಸ್ಟ್ ಹದಿನೈದಕ್ಕೆ ಮೆಡಲು ಹಾಕಿಕೊಂಡು ಬನ್ನಿ ಎಂದರೂ ಹಾಕಿ ಬರಲಿಲ್ಲ. ನನಗೆ ಗೊತ್ತಾದದ್ದು ಡಿಪ್ಲೊಮಾ ಮುಗಿದ ಮೇಲೆ, 1999ರ ಡಿಸೆಂಬರಿನಲ್ಲಿ. ಕಾರ್ಗಿಲ್ ನಡೆದ ವರ್ಷ. ಅವರ ಮನೆಗೆ ಹೋದರೆ ಓಣಿಯ ಕ್ರೈಸ್ತ ಮನೆಗಳಲ್ಲೆಲ್ಲ ಕ್ರಿಸ್ಮಸ್ ನಕ್ಷತ್ರ ತೂಗುತ್ತಿತ್ತು, ಇವರಲ್ಲಿ ಮಾತ್ರ ಇಲ್ಲ. “ನಮ್ಮಲ್ಲಿ ಹದಿನಾರರ ಸಂಜೆಗೇ” ಎಂದರು ಅವರ ಹೆಂಡತಿ. ಅವರನ್ನು ನಾವೆಲ್ಲ ಕರೆಯುತ್ತಿದ್ದುದು ಟೀಚರಮ್ಮ ಎಂದು. ಸಂಡೇ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದವರು. ಮಾಸ್ಟ್ರು ಕಿಟಕಿಯ ಕಡೆ ಮುಖ ಮಾಡಿ ಸ್ವಲ್ಪ ಹೇಳಿದರು. ಅವರು ಹೇಳಿದ್ದಕ್ಕೆ ನಾನು ಮುಂದೆ ಓದಿ ತಿಳಿದದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

1971ರ ಡಿಸೆಂಬರ್ 15ರ ರಾತ್ರಿ. ಪಾಕಿಸ್ತಾನದ ಜೊತೆ ಯುದ್ಧ. ಶಕರ್‌ಗಢ ಭಾಗದ ಬಸಂತರ್ ನದಿ. ನದಿಯ ಆಚೆ ದಡದಲ್ಲಿ ನಮ್ಮ ಕಾಲಾಳುಗಳು ನೆಲೆ ಹಿಡಿದಿದ್ದಾರೆ. ಅವರ ಬೆನ್ನಿಗೆ ಟ್ಯಾಂಕುಗಳು ಹೋಗಬೇಕು. ನಡುವೆ ಶತ್ರು ಹೂತಿಟ್ಟ ಮೈನುಗಳು, ನೆಲಬಾಂಬುಗಳು. ಅದರಲ್ಲಿ ದಾರಿ ಬಿಡಿಸುವ ಕೆಲಸ 9 ಎಂಜಿನಿಯರ್ ರೆಜಿಮೆಂಟಿನದು, ನಮ್ಮ ಮಾಸ್ಟ್ರ ರೆಜಿಮೆಂಟು. ಫಿರಂಗಿ ಗುಂಡು ಬೀಳುತ್ತಿರುವಾಗ, ಕತ್ತಲಲ್ಲಿ, ಮೊಣಕಾಲೂರಿ, ಸರಳನ್ನು ಓರೆಯಾಗಿ ಮಣ್ಣೊಳಗೆ ತಳ್ಳುತ್ತ ಹೋಗಬೇಕು. ನೆಟ್ಟಗೆ ಕುಕ್ಕಿದರೆ ಮೈನಿನ ನೆತ್ತಿಗೇ ಏಟು. ಸಿಕ್ಕಿದ್ದನ್ನು ತೆಗೆದು, ಬದಿಗೆ ಬಿಳಿ ಪಟ್ಟಿ ಕಟ್ಟುತ್ತ ಮುಂದಿನ ಗೇಣಿಗೆ. ದಾರಿ ಪೂರ್ತಿಯಾಗುವ ಮೊದಲೇ ಆಚೆಯಿಂದ ಕರೆ ಬಂದು 17 ಪೂನಾ ಹಾರ್ಸಿನ ಟ್ಯಾಂಕುಗಳು ನುಗ್ಗಿದವು. ಮರುದಿನ, 16ರಂದು, ಇಪ್ಪತ್ತೊಂದರ ಹರೆಯದ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಅಲ್ಲಿ ಹೋರಾಡಿ ಮಡಿದರು. ಅವರಿಗೆ ಪರಮವೀರ ಚಕ್ರ ಬಂತು. ಇವರದೇ ರೆಜಿಮೆಂಟಿನ ಮೇಜರ್ ವಿಜಯ್ ರತನ್ ಚೌಧರಿ ಕೂಡ ಆ ಕಾಳಗದಲ್ಲಿ ತೀರಿಕೊಂಡರು, ಮಹಾವೀರ ಚಕ್ರ. ಟ್ಯಾಂಕಿನವರ ಶೌರ್ಯವನ್ನು ದೇಶ ನೆನೆಯುತ್ತದೆ, ನೆನೆಯಲೇಬೇಕು. ಟ್ಯಾಂಕಿಗಿಂತ ಮೊದಲು ಮೊಣಕಾಲ ಮೇಲೆ ಹೋದವರನ್ನೂ ನಮ್ಮ ಮಕ್ಕಳು ಪಾಠದಲ್ಲಿ ಓದಬೇಕು ಎಂಬುದು ನನ್ನ ಬಹುದಿನದ ಆಸೆ.

“ಬಲಕ್ಕೆ ಒಬ್ಬ ತಂಬಿ ಇದ್ದ. ಬೆಳಗಾದಾಗ ಇರಲಿಲ್ಲ” ಎಂದರು ಮಾಸ್ಟ್ರು. ಆಮೇಲೆ ಚಹಾ ತಣ್ಣಗಾಯಿತೆಂದು ಎದ್ದು ಒಳಗೆ ಹೋದರು. ನಕ್ಷತ್ರದ ಲೆಕ್ಕ ನನಗೆ ಆಗ ತಿಳಿಯಿತು.

ದೇವರ ಮಾತನ್ನು ನಮಗೆ ಉಪದೇಶಿಸಿದವರಲ್ಲ. ರಂಜಾನ್ ತಿಂಗಳಲ್ಲಿ ಉಪವಾಸವಿದ್ದ ಮಕ್ಕಳನ್ನು ನೆರಳಲ್ಲಿ ಕೂರಿಸಿ ಅಂಕ ಬರೆಯುವ ಕೆಲಸ ಕೊಡುತ್ತಿದ್ದರು. 1996ರಲ್ಲಿ ನನ್ನ ಎಸ್ಸೆಸ್ಸೆಲ್ಸಿ ಮುಗಿದು, ಇನ್ನು ಓದು ಸಾಕು, ಅಮ್ಮನ ಜೊತೆ ಬೀಡಿ ಕಟ್ಟಲಿ ಎಂದು ಅಪ್ಪ ತೀರ್ಮಾನಿಸಿದಾಗ, ಮಾಸ್ಟ್ರು ಮತ್ತು ಟೀಚರಮ್ಮ ಇಬ್ಬರೂ ನಮ್ಮ ಮನೆಗೆ ಬಂದರು. ವಾದ ಮಾಡಲಿಲ್ಲ. “ನನಗೂ ಮೂರು ಹೆಣ್ಣುಮಕ್ಕಳು. ಇವಳಿಗೆ ಅಳತೆ ಗೊತ್ತು, ಅದು ಎಲ್ಲರಿಗೆ ಬರುವ ವಿದ್ಯೆ ಅಲ್ಲ” ಎಂದರು. ಕದ್ರಿಯ ಪಾಲಿಟೆಕ್ನಿಕ್ಕಿಗೆ ಅರ್ಜಿ ಹಾಕುವ ದಿನ ಅಪ್ಪನನ್ನೂ ನನ್ನನ್ನೂ ಬಸ್ಸಿನಲ್ಲಿ ಕರೆದುಕೊಂಡು ಹೋದವರು ಅವರೇ. ಟಿಕೆಟಿನ ಹಣ ಕೊಡಲು ಅಪ್ಪ ಹೋದರೆ, ಕೈ ಹಿಡಿದು ತಡೆದರು.

2008ರಲ್ಲಿ ಟೀಚರಮ್ಮನಿಗೆ ಪಾರ್ಶ್ವವಾಯು ಬಡಿಯಿತು. ಒಂದು ಮಗ್ಗುಲು ಬಿದ್ದುಹೋಯಿತು, ಮಾತೂ ಹೋಯಿತು. ಅಲ್ಲಿಂದ ಒಂಬತ್ತು ವರ್ಷ. ಮಕ್ಕಳು ತಮ್ಮಲ್ಲಿಗೆ ಕರೆದರೂ ಹೋಗದೆ, ಗಂಜಿ, ಸ್ನಾನ, ಔಷಧ ಎಲ್ಲ ಮಾಸ್ಟ್ರೇ ನೋಡಿಕೊಂಡರು. ನಾನೊಮ್ಮೆ ಹೋದಾಗ ಜಗಲಿಯಲ್ಲಿ ಕೂರಿಸಿಕೊಂಡು ಅವರ ತಲೆ ಬಾಚುತ್ತಿದ್ದರು. ಬೈತಲೆ ಎಷ್ಟು ನೇರವಾಗಿತ್ತೆಂದರೆ, ನನಗೆ ಮೈದಾನದ ಸುಣ್ಣದ ಗೆರೆ ಕಣ್ಣಿಗೆ ಬಂತು. ಭಾನುವಾರ ರಿಕ್ಷಾದಲ್ಲಿ ಚರ್ಚಿಗೆ ಕರೆದೊಯ್ದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ಜರ್ಮನ್ ರಾಗದ ಹಳೆಯ ಕನ್ನಡ ಕೀರ್ತನೆಗಳಿಗೆ ಮಾಸ್ಟ್ರದು ಮಂದ್ರದ ದನಿ. ಹಾಡಲಾಗದ ಹೆಂಡತಿಯ ಮುಂದೆ ಪುಸ್ತಕ ಬಿಡಿಸಿ, ಸಾಲಿನ ಕೆಳಗೆ ಬೆರಳು ಸರಿಸುತ್ತ ಹಾಡುತ್ತಿದ್ದರು. ಅವರ ಬೆರಳಿನ ಜೊತೆ ಟೀಚರಮ್ಮನ ತುಟಿಯೂ ಅಲುಗುತ್ತಿತ್ತು ಎಂದು ಹಿರಿಯ ಮಗಳು ಹೇಳಿದ್ದಾರೆ.

ಕೊನೆಯ ಎರಡು ವರ್ಷ ನಾನು ಅವರನ್ನು ನೋಡಲು ಹೋಗಲಿಲ್ಲ. ವರ್ಗಾವಣೆ, ಮಕ್ಕಳ ಪರೀಕ್ಷೆ, ಏನೇನೋ. ಆ ನೋವು ನನ್ನಲ್ಲಿ ಇದ್ದೇ ಇದೆ.

ತುಳುವರ ಆಟಿ ತಿಂಗಳ ಜಡಿಮಳೆಯಲ್ಲಿ ಮಾಸ್ಟ್ರನ್ನು ಮಣ್ಣುಮಾಡಿದೆವು. ಮಾಜಿ ಸೈನಿಕರು ನಾಲ್ಕೈದು ಮಂದಿ ನೆನೆಯುತ್ತ ನಿಂತು ಸೆಲ್ಯೂಟ್ ಹೊಡೆದರು. ಬೈಬಲಿನ ಇಪ್ಪತ್ತಮೂರನೇ ಕೀರ್ತನೆಯನ್ನು ಮೊಮ್ಮಗ ಓದಿದ. ಮನೆಗೆ ಬಂದ ಮೇಲೆ ಹಿರಿಯ ಮಗಳು ಅಡುಗೆಮನೆಯ ಬಾಗಿಲ ಹಿಂದಿನಿಂದ ಆ ಸರಳನ್ನು ತಂದು ನನ್ನ ಕೈಗಿಟ್ಟರು.

ನವೆಂಬರಿನಲ್ಲಿ ರಜೆ ಹಾಕಿ ಶಾಲೆಗೆ ಬಂದೆ. ಮೈದಾನಕ್ಕೆ ಹೊಸ ಮಣ್ಣು ಹಾಕಿಸಿ ಕಲ್ಲುಗಳ ಗುರುತೇ ತಪ್ಪಿದೆ ಎಂದು ಈಗಿನ ದೈಹಿಕ ಶಿಕ್ಷಕಿ ಹೇಳಿದರು. ಮೊಣಕಾಲೂರಿ ಕೂತೆ. ಸರಳನ್ನು ಓರೆಯಾಗಿ ಹಿಡಿದು ಮೆತ್ತಗೆ ತಳ್ಳಿದೆ, ತೆಗೆದೆ, ನಾಲ್ಕು ಬೆರಳು ಆಚೆ ಮತ್ತೆ ತಳ್ಳಿದೆ. ಬಿಸಿಲು ಏರುವ ಹೊತ್ತಿಗೆ ‘ಟಕ್’ ಎಂದಿತು. ಹಗ್ಗ ಹಿಡಿದು ನಿಂತಿದ್ದ ಮೂವರು ಹುಡುಗಿಯರು ಓಡಿಬಂದು ಕೈಯಿಂದ ಮಣ್ಣು ಸರಿಸತೊಡಗಿದರು.